ಪಂಪಿನ ಹಿಂದಿನಿಂದ ಬಂದ ಮಾತು

ಸಿದ್ದಕಟ್ಟೆ, ಬಂಟ್ವಾಳ ತಾಲೂಕು
23 ಜನವರಿ 2025

ತಂಗಿ ಹರಿಣಾಕ್ಷಿಗೆ,

ಹನ್ನೆರಡು ದಿನಗಳಿಂದ ಫೋನ್ ಮಾಡುತ್ತಿದ್ದೇನೆ, ನೀನು ತೆಗೆಯುವುದಿಲ್ಲ. ನಿನ್ನೆ ನಿನ್ನ ಅಮ್ಮ ಸೇಸಮ್ಮ ತೆಗೆದರು. ನನ್ನ ಹೆಸರು ಕೇಳಿದ ಕೂಡಲೇ ಇಟ್ಟರು. ಹಾಗಾಗಿ ಈ ಕಾಗದ. ನಾವಿಬ್ಬರು ಹನ್ನೊಂದು ವರ್ಷ ಒಂದೇ ಯಂತ್ರದ ಹತ್ತಿರ ಕೆಲಸ ಮಾಡಿದರೂ ಒಂದು ದಿನವೂ ಕನ್ನಡದಲ್ಲಿ ಮಾತಾಡಿದವರಲ್ಲ. ತುಳುವಿನಲ್ಲಿ ಕಾಗದ ಬರೆಯುವ ಅಭ್ಯಾಸ ನನಗಿಲ್ಲ. ಇದನ್ನು ಓದುವಾಗ ಬೇರೆ ಯಾರೋ ಬರೆದ ಹಾಗೆ ಅನಿಸಿದರೆ ಸಹಿಸಿಕೋ.

ಕೈ ಹೇಗಿದೆ? ನಾನು ಆಸ್ಪತ್ರೆಗೆ ಬಂದಾಗ ನೀನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ನಿದ್ದೆ ಬಂದಿದೆ ಎಂದು ನರ್ಸ್ ಹೇಳಿದರು. ನಿದ್ದೆ ಬಂದವರು ಕಾಲ್ಬೆರಳು ಹಾಗೆ ಅಲ್ಲಾಡಿಸುವುದಿಲ್ಲ ಎಂದು ನನಗೂ ಗೊತ್ತಿದೆ. ಕಿತ್ತಳೆ ಮೇಜಿನ ಮೇಲಿಟ್ಟು ಬಂದೆ.

ಅಂಟಿನ ಯಂತ್ರ ಐದನೆಯ ದಿನವೇ ಮತ್ತೆ ಶುರುವಾಯಿತು. ರಟ್ಟಿನ ಪೆಟ್ಟಿಗೆ ಕೇಳುವವರಿಗೆ ನಮ್ಮ ಕೈಯ ಸುದ್ದಿ ಗೊತ್ತಿರುವುದಿಲ್ಲವಲ್ಲ. ನಿನ್ನ ಜಾಗದಲ್ಲಿ ಈಗ ಗ್ರೀಷ್ಮಾ ನಿಲ್ಲುತ್ತಾಳೆ, ಪ್ಯಾಕಿಂಗಿನಲ್ಲಿದ್ದವಳು. ಹೆಡ್ ಆಫೀಸಿನಿಂದ ತನಿಖೆಗೆ ಒಬ್ಬರು ಬಂದಿದ್ದರು. ಫಿಲ್ಟರನ್ನು ತಣಿದ ಮೇಲೆ ಬಿಚ್ಚಬಾರದೇ ಎಂದು ಕೇಳಿದರು. ಅಂಟು ತಣಿದರೆ ಕಲ್ಲಾಗುತ್ತದೆ ಸಾರ್, ಮತ್ತೆ ಸುತ್ತಿಗೆಯಲ್ಲಿಯೂ ಬರುವುದಿಲ್ಲ ಅಂದೆ. ಸಾಬಕ್ಕಿಯಂಥ ಅಂಟಿನ ಕಾಳು ಟ್ಯಾಂಕಿಯಲ್ಲಿ ನೂರೆಪ್ಪತ್ತು ಡಿಗ್ರಿಗೆ ಕರಗುವುದು, ಪಂಪು ಅದನ್ನು ಪೈಪಿನಲ್ಲಿ ತಳ್ಳುವುದು, ಸುಟ್ಟ ಅಂಟಿನ ಕರಿ ಫಿಲ್ಟರಿನಲ್ಲಿ ನಿಲ್ಲುವುದು, ವಾರಕ್ಕೊಮ್ಮೆ ಅದನ್ನು ತೆಗೆಯದಿದ್ದರೆ ಪಂಪು ಉಸಿರು ಕಟ್ಟಿ ಹಾಳಾಗುವುದು, ಎಲ್ಲ ಹೇಳಿದೆ. ಪಂಪು ನಿಲ್ಲಿಸಿದರೂ ಒಳಗೆ ಪ್ರೆಶರ್ ಉಳಿಯುತ್ತದೆ, ಹಿಂದಿನ ಡ್ರೈನ್ ವಾಲ್ವ್ ತೆರೆದು ಅದನ್ನು ಬಿಟ್ಟ ನಂತರವೇ ಮುಂದೆ ಫಿಲ್ಟರಿನ ಮುಚ್ಚಳ ಬಿಚ್ಚುವುದು ಎಂದೂ ಹೇಳಿದೆ.

"ಎರಡನ್ನೂ ಒಬ್ಬರೇ ಯಾಕೆ ಮಾಡಲ್ಲ?" ಎಂದು ಕೇಳಿದರು. ಯಂತ್ರವನ್ನು ಗೋಡೆಗೆ ಒತ್ತಿ ಇಟ್ಟ ಮೇಲೆ ಸುತ್ತಿ ಬರುವುದು ತಡವಾಗುತ್ತದೆ, ಹಾಗಾಗಿ ವಾಲ್ವ್ ನನಗೆ, ಮುಚ್ಚಳ ಹರಿಣಾಕ್ಷಿಗೆ ಅಂದೆ. ಅವರು ಬರೆದುಕೊಂಡರು. ನಾನು ಹೇಳುವಾಗ ಸಾಧಾರಣ ಮಾತಾಗಿತ್ತು. ಅವರು ಬರೆದಾಗ ಅಪರಾಧದ ಹಾಗೆ ಕಂಡಿತು.

ಉತ್ತರ ಬರೆ. ಬೈದಾದರೂ ಬರೆ.

ದಾರಿ ನೋಡುವ,
ರುಕ್ಮಯ್ಯ


ಕಕ್ಕಿಂಜೆ
4 ಫೆಬ್ರವರಿ 2025

ರುಕ್ಮಯ್ಯಣ್ಣನಿಗೆ,

ಬೈದಾದರೂ ಬರೆ ಎಂದಿದ್ದೀರಿ. ಬೈಯುವುದಕ್ಕೆ ತುಳುವೇ ಒಳ್ಳೆಯದಿತ್ತು. ಫೋನ್ ತೆಗೆದರೆ ಬಾಯಿಗೆ ಬಂದದ್ದೆಲ್ಲ ಬರುತ್ತದೆ ಎಂದು ತೆಗೆಯಲಿಲ್ಲ. ಕನ್ನಡದಲ್ಲಾದರೆ ನಿಂತು ಯೋಚಿಸಿ ಬೈಯಬೇಕಾಗುತ್ತದೆ, ನಿಮಗೂ ಸ್ವಲ್ಪ ಮರ್ಯಾದೆ ಉಳಿಯುತ್ತದೆ.

ಕೈ ಹೇಗಿದೆ ಎಂದು ಕೇಳಿದಿರಿ. ಎಡಗೈಯ ಕಿರುಬೆರಳು ಮತ್ತು ಪಕ್ಕದ್ದು ಮಡಚುವುದಿಲ್ಲ. ಅಂಗೈಯ ಚರ್ಮ ಎಳೆದು ಕಟ್ಟಿದ ಹಾಗಿದೆ. ನನ್ನ ಜಡೆಯನ್ನು ಅಮ್ಮ ಹಾಕುತ್ತಾರೆ, ನಲವತ್ತಮೂರು ವರ್ಷದವಳಿಗೆ. ಹಾಕುವಾಗ ಪ್ರತಿದಿನ ನಿಮ್ಮ ಹೆಸರು ಹೇಳಿ ಶಾಪ ಹಾಕುತ್ತಾರೆ. ನಾನು ಸುಮ್ಮನೆ ಕೂತಿರುತ್ತೇನೆ, ಕೂದಲು ಅವರ ಕೈಯಲ್ಲಿರುತ್ತದಲ್ಲ.

ಅಂಟನ್ನು ಕೀಳದೆ ಹಾಗೆಯೇ ತಣ್ಣೀರಿನಲ್ಲಿ ಹಿಡಿದದ್ದು ಯಾರು ಎಂದು ಡಾಕ್ಟರ್ ಕೇಳಿದರು. ಕಿತ್ತಿದ್ದರೆ ಚರ್ಮವೂ ಅದರೊಟ್ಟಿಗೆ ಬರುತ್ತಿತ್ತಂತೆ. ನೀವು ಎಂದು ನಾನು ಹೇಳಲಿಲ್ಲ. ಬಕೆಟ್ ಹತ್ತಿರದಲ್ಲಿತ್ತು ಅಂದೆ.

ಹೆಡ್ ಆಫೀಸಿನವರು ನನಗೂ ಫೋನ್ ಮಾಡಿದ್ದರು. ನಡೆದದ್ದನ್ನು ಹೇಳಿದೆ. ಶನಿವಾರ ಸಂಜೆ ನಾನು ಮುಚ್ಚಳದ ಎದುರು ನಿಂತು "ಪ್ರೆಶರ್ ಬುಡ್ಲೆ" ಎಂದು ಕೂಗಿದೆ, ಅಂದರೆ ಪ್ರೆಶರ್ ಬಿಡಿ ಎಂದು. ನೀವು ಹಿಂದಿನಿಂದ "ಆಂಡ್" ಅಂದಿರಿ. ನಾನು ಬಿಚ್ಚಿದೆ. ಆಂಡ್ ಎಂದರೇನು ಎಂದು ಕೇಳಿದರು. ಮಾಡಿ ಮುಗಿಯಿತು ಎಂದು ಅರ್ಥ ಅಂದೆ. ಒಪ್ಪಿದೆ, ಈಗ ಮಾಡುತ್ತೇನೆ ಅನ್ನುವುದಕ್ಕೆ ಬೇರೆ ಮಾತಿದೆಯೇ ಎಂದರು. ಅದಕ್ಕೆ "ಆವು" ಅನ್ನುತ್ತೇವೆ, ರುಕ್ಮಯ್ಯಣ್ಣ ಆವು ಅನ್ನಲಿಲ್ಲ ಅಂದೆ. "ಕನ್ನಡದಲ್ಲಿ ಹೇಳಿ" ಎಂದರು. ಕನ್ನಡದಲ್ಲಿ ಎರಡಕ್ಕೂ ಆಯ್ತು ಎಂದೇ ಹೇಳುವುದು, ನಾನೇನು ಮಾಡಲಿ.

ನೀವು ಅಷ್ಟುದ್ದದ ಕಾಗದದಲ್ಲಿ ಪಂಪಿನ ಪುರಾಣವೆಲ್ಲ ಬರೆದಿರಿ. ಆ ಒಂದು ಮಾತಿನ ಸುದ್ದಿ ಎತ್ತಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು.

ಹರಿಣಾಕ್ಷಿ


ಸಿದ್ದಕಟ್ಟೆ
12 ಫೆಬ್ರವರಿ 2025

ಹರಿಣಾಕ್ಷಿ,

ಎತ್ತದಿದ್ದುದು ಹೆದರಿಕೆಯಿಂದ. ಈಗ ಎತ್ತುತ್ತೇನೆ. ನಾನು ಅಂದದ್ದು "ಆವು". ಆಂಡ್ ಅಲ್ಲ.

ಆ ಹೊತ್ತಿಗೆ ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು. ವಾಲ್ವಿನ ಬಾಯಲ್ಲಿ ಸುಟ್ಟ ಅಂಟು ಕೂತು ಅದು ತಿರುಗುತ್ತಿರಲಿಲ್ಲ. ಬೇರೆ ಶನಿವಾರಗಳಲ್ಲಿ ಕೈಯಲ್ಲೇ ತಿರುಗುತ್ತಿತ್ತು, ಆ ದಿನ ಸ್ಪ್ಯಾನರ್ ಹಾಕಿ ಜಗ್ಗಬೇಕಾಯಿತು. ತಿರುಗದ ವಾಲ್ವಿನ ಎದುರು ಕೂತು ತಿರುಗಿಸಿಯಾಯಿತು ಎಂದು ಯಾವ ಮನುಷ್ಯ ಹೇಳುತ್ತಾನೆ? ನಾನು ಜಗ್ಗುತ್ತಿರುವಾಗಲೇ ನೀನು ಕಿರುಚಿದ್ದು ಕೇಳಿತು.

ನಿನ್ನೆ ಮ್ಯಾನೇಜರ್ ರವಿರಾಜ ಸಾರ್ ಕರೆದು ನಿನ್ನ ಹೇಳಿಕೆಯ ಕರಡು ತೋರಿಸಿದರು. "ಪ್ರೆಶರ್ ಬಿಡುವ ಕೆಲಸ ಪೂರ್ಣಗೊಂಡಿದೆ ಎಂದು ರುಕ್ಮಯ್ಯನವರು ತಿಳಿಸಿದ ನಂತರವೇ ನಾನು ಮುಚ್ಚಳ ತೆರೆದಿರುತ್ತೇನೆ" ಎಂದು ಟೈಪ್ ಮಾಡಿದ್ದಾರೆ. ಕೆಳಗೆ ನಿನ್ನ ಸೈನಿಗೆ ಜಾಗ ಬಿಟ್ಟಿದ್ದಾರೆ. ಆಯ್ತು ಎಂಬ ಮಾತು ಕೂಡ ಅದರಲ್ಲಿಲ್ಲ. "ನಾನು ಹೀಗೆ ಹೇಳಿಲ್ಲ ಸಾರ್" ಅಂದೆ. "ಹೆಡ್ ಆಫೀಸಿಗೆ ಎರಡೆರಡು ಅರ್ಥ ಬರುವ ಹಾಗೆ ಕಳಿಸ್ಲಿಕ್ಕೆ ಆಗುವುದಿಲ್ಲ ಮಾರಾಯ್ರೆ, ಅವಳು ಸೈನ್ ಹಾಕಿದ್ರೆ ಅದೇ ಸತ್ಯ" ಎಂದರು. ನೀನು ಸೈನ್ ಹಾಕಿದರೆ ನನ್ನನ್ನು ತೆಗೆಯುತ್ತಾರೆ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿದೆ. ಹೋಗುವುದಾದರೆ ಹೋಗುತ್ತೇನೆ, ಆದರೆ ಒಬ್ಬಳ ಕೈ ಸುಟ್ಟವನು ಎಂಬ ಹೆಸರು ಹೊತ್ತುಕೊಂಡು ಹೋಗುವುದು ನನಗೆ ಬೇಡ.

ಇನ್ನೊಂದು. ಪ್ರೆಶರ್ ತೋರಿಸುವ ಗೇಜಿನ ವಿಷಯ ನಾನು ಯಾರಿಗೂ ಹೇಳಿಲ್ಲ. ನೀನೂ ಹೇಳಿದ ಹಾಗೆ ಕಾಣುವುದಿಲ್ಲ. ಅದರ ಮುಳ್ಳು ಡಿಸೆಂಬರಿನಿಂದ ಸೊನ್ನೆಯಲ್ಲೇ ಸತ್ತು ಬಿದ್ದಿದೆ. ಪ್ರೆಶರ್ ಇದ್ದರೂ ಸೊನ್ನೆ, ಇಲ್ಲದಿದ್ದರೂ ಸೊನ್ನೆ. ಹೊಸದು ಬೇಕೆಂದು ಬಾಯಿಮಾತಿನಲ್ಲಿ ಕೇಳಿದ್ದೆ, ಮುಂದಿನ ತಿಂಗಳು ನೋಡುವ ಎಂದಿದ್ದರು. ಯಂತ್ರದ ತಪಾಸಣೆಯ ಪುಸ್ತಕದಲ್ಲಿ ಮಾತ್ರ ಪ್ರತಿ ಶನಿವಾರ ಗೇಜ್ ಎಂಬಲ್ಲಿ ಸರಿ ಉಂಟು, ಸರಿ ಉಂಟು ಎಂದು ನಾನೇ ಬರೆದಿದ್ದೇನೆ. ಸರಿ ಇಲ್ಲ ಎಂದು ಬರೆದರೆ ಯಂತ್ರ ನಿಲ್ಲಿಸಬೇಕು, ನಿಲ್ಲಿಸಿದರೆ ಯಾಕೆ ನಿಲ್ಲಿಸಿದ್ದು ಎಂದು ಕೇಳುತ್ತಾರೆ. ಮುಳ್ಳು ಸರಿಯಿದ್ದಿದ್ದರೆ ನಾನು ಏನಂದರೂ ನೀನು ಬಿಚ್ಚುತ್ತಿರಲಿಲ್ಲ. ಈ ತಪ್ಪನ್ನು ನಾನು ಒಪ್ಪುತ್ತೇನೆ. ಆಂಡ್ ಅಂದ ತಪ್ಪನ್ನು ಒಪ್ಪುವುದಿಲ್ಲ.

ರುಕ್ಮಯ್ಯ


ಕಕ್ಕಿಂಜೆ
20 ಫೆಬ್ರವರಿ 2025

ರುಕ್ಮಯ್ಯಣ್ಣ,

ನನ್ನ ಕೈ ಸುಟ್ಟಿದೆ, ಕಿವಿ ಸುಟ್ಟಿಲ್ಲ. ಆ ಶೆಡ್ಡಿನಲ್ಲಿ ಪಂಪಿನ ಸದ್ದು ಒಂದು ಎಳೆ ಬದಲಾದರೂ ಮೊದಲು ಹೇಳುತ್ತಿದ್ದವಳು ನಾನು. ನೀವೇ ಎಲ್ಲರೆದುರು ಹೊಗಳುತ್ತಿದ್ದಿರಿ. ಈಗ ಅದೇ ಕಿವಿ ನಿಮಗೆ ಬೇಡವಾಯಿತು.

ಗೇಜಿನ ವಿಷಯ ಹೇಳುವುದಾದರೆ ಹೇಳಿ. ನಿಮ್ಮ ಸರಿ ಉಂಟು ಪಕ್ಕದಲ್ಲಿ ಪ್ರತಿ ವಾರ ನನ್ನ ಸೈನ್ ಕೂಡ ಇದೆ, ಅದನ್ನೂ ತೋರಿಸಿ. ಇಬ್ಬರೂ ಮನೆಗೆ ಹೋಗುವ.

ಹೇಳಿಕೆಯ ಕಾಗದ ಅಂಚೆಯಲ್ಲಿ ಬಂದಿದೆ. ಟಿವಿಯ ಮೇಲಿಟ್ಟಿದ್ದೇನೆ. ಮೂಡುಬಿದಿರೆಯ ಫ್ಯಾಕ್ಟರಿಗೇ ಬಂದು ರವಿರಾಜ ಸಾರ್ ಎದುರಿನಲ್ಲೇ ಸೈನ್ ಹಾಕಬೇಕಂತೆ. ಕೈಯ ಕಟ್ಟು ಬಿಚ್ಚಿದ ಮೇಲೆ ಬರುತ್ತೇನೆ ಎಂದು ಹೇಳಿದ್ದೇನೆ. ಬಲಗೈಯಲ್ಲಿ ಸೈನ್ ಹಾಕುವವಳಿಗೆ ಎಡಗೈಯ ಕಟ್ಟು ಯಾಕೆ ಬಿಚ್ಚಬೇಕು ಎಂದು ಅವರು ಕೇಳಲಿಲ್ಲ, ನೀವೂ ಕೇಳಬೇಡಿ.

ಇನ್ನು ನನಗೆ ಬರೆಯುವುದು ಬೇಡ.

ಹರಿಣಾಕ್ಷಿ


ಸಿದ್ದಕಟ್ಟೆ
2 ಮಾರ್ಚ್ 2025, ಭಾನುವಾರ

ಹರಿಣಾಕ್ಷಿ,

ಬರೆಯುವುದು ಬೇಡ ಎಂದು ನೀನು ಹೇಳಿದ್ದೆ. ಬರೆಯದೆ ಆಗುವುದಿಲ್ಲ. ಹರಿದು ಹಾಕುವ ಮೊದಲು ಕೊನೆಯವರೆಗೆ ಓದು.

ನಿನ್ನೆ ಶನಿವಾರ. ಫಿಲ್ಟರ್ ಬಿಚ್ಚುವ ದಿನ. ನಾನು ಹಿಂದೆ ವಾಲ್ವಿನ ಹತ್ತಿರ, ಗ್ರೀಷ್ಮಾ ಮುಂದೆ. ಮೊದಲೇ ಅವಳಿಗೆ ಹೇಳಿದ್ದೆ, ನಾನು ಮುಂದೆ ಬಂದು ನಿನ್ನ ಎದುರು ನಿಲ್ಲುವವರೆಗೆ ಮುಚ್ಚಳ ಮುಟ್ಟಬೇಡ ಎಂದು. ಹೂಂ ಅಂದಿದ್ದಳು. ವಾಲ್ವ್ ಅರ್ಧ ತಿರುಗಿದೆ, ಅಂಟು ಹನಿ ಹನಿಯಾಗಿ ತಟ್ಟೆಗೆ ಬೀಳುತ್ತಿದೆ. ಏನೋ ಸಂಶಯ ಬಂದು ಯಂತ್ರದ ಸಂದಿಯಲ್ಲಿ ಬಗ್ಗಿ ನೋಡಿದೆ. ಅವಳ ಕೈ ಮುಚ್ಚಳದ ಮೇಲಿತ್ತು. ಒಂದು ಸುತ್ತು ಬಿಚ್ಚಿಯಾಗಿತ್ತು. ನಾನು ಹೇಗೆ ಕೂಗಿದೆನೋ ಗೊತ್ತಿಲ್ಲ, ಆಚೆ ಕಟಿಂಗಿನವರೆಲ್ಲ ಓಡಿ ಬಂದರು. ಅವಳು ಅಳುತ್ತಾ, "ಮುಳ್ಳು ಸೊನ್ನೆಯಲ್ಲಿ ಉಂಟಲ್ಲ, ಹಾಗಾಗಿ ಬಿಚ್ಚಿದೆ" ಅಂದಳು. ಗೇಜ್ ಸತ್ತಿದೆ ಎಂದು ಅವಳಿಗೆ ಯಾರೂ ಹೇಳಿಲ್ಲ. ನಾನೂ ಹೇಳಿರಲಿಲ್ಲ. ಹೇಳಿದರೆ ಪುಸ್ತಕದ ಸುದ್ದಿ ಹೊರಗೆ ಬೀಳುತ್ತದೆ ಎಂದು. ಅವಳಿಗೆ ಮೂರು ವರ್ಷದ ಮಗು ಇದೆ ಹರಿಣಾಕ್ಷಿ. ನನ್ನ ಮರ್ಯಾದೆಗೆ ಎಷ್ಟು ಕೈ ಬೇಕು?

ಅಲ್ಲಿಂದ ನೆಟ್ಟಗೆ ರವಿರಾಜ ಸಾರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಗೇಜು, ಪುಸ್ತಕ, ಸರಿ ಉಂಟು, ಎಲ್ಲ. ನಿನ್ನ ಸೈನಿನ ಮಾತು ಮಾತ್ರ ನಾನು ಎತ್ತಲಿಲ್ಲ. ಈಗಲೇ ಹೊಸ ಗೇಜ್ ಹಾಕಿಸಿ ಅಂದೆ. ಅವರು ತಲೆ ಹಿಡಿದುಕೊಂಡರು. ತನಿಖೆ ಮುಗಿಯುವವರೆಗೆ ಆ ಯಂತ್ರದ ಒಂದು ನಟ್ಟನ್ನೂ ಬದಲಿಸಬಾರದು ಎಂದು ಹೆಡ್ ಆಫೀಸಿನ ಆದೇಶವಂತೆ. ಓಡಿಸಬಹುದಂತೆ, ಬದಲಿಸಬಾರದಂತೆ. ಹಾಗಾದರೆ ತನಿಖೆ ಯಾವಾಗ ಮುಗಿಯುತ್ತದೆ ಎಂದು ಕೇಳಿದೆ. "ಹರಿಣಾಕ್ಷಿ ಸೈನ್ ಹಾಕಿದ ದಿನ" ಎಂದರು. ನಾನು ವಾಲ್ವಿಗೆ ಕೈ ಹಾಕುವುದಿಲ್ಲ ಎಂದರೆ ಬೇರೆ ಫಿಟ್ಟರನ್ನು ತರುತ್ತಾರಂತೆ. ಅವನಿಗೆ ಗ್ರೀಷ್ಮಾಳ ಪರಿಚಯವೂ ಇರುವುದಿಲ್ಲ, ಆ ವಾಲ್ವಿನ ಪರಿಚಯವೂ ಇರುವುದಿಲ್ಲ.

ಮುಂದಿನ ಶನಿವಾರ ಎಂಟನೆಯ ತಾರೀಕು. ಅದರ ಮೊದಲು ಬಂದು ಸೈನ್ ಹಾಕು.

ಆಂಡ್ ಅಂದದ್ದನ್ನು ಒಪ್ಪುವುದಿಲ್ಲ ಎಂದು ಬರೆದಿದ್ದೆನಲ್ಲ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಿನ್ನ ಕಾಗದ ಬಂದ ಮೇಲೆ ತುಂಬ ಯೋಚಿಸಿದೆ. ನನಗೆ ಐವತ್ತೆಂಟು. ಕೆಲವು ಸಲ ಮನೆಯಲ್ಲಿ ಕೇಳಿದ್ದಕ್ಕೆ ಏನು ಉತ್ತರ ಕೊಟ್ಟೆ ಎಂದು ಮರುಕ್ಷಣ ನೆನಪಿರುವುದಿಲ್ಲ. ನಿನ್ನ ಕಿವಿ ಮಾತ್ರ ಹನ್ನೊಂದು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ. ಪಂಪಿನ ಸೀಲ್ ಹೋಗುವ ಎರಡು ದಿನ ಮೊದಲೇ ನಿನಗೆ ಕೇಳುತ್ತಿತ್ತು. ನೀನು ಆಂಡ್ ಎಂದು ಕೇಳಿದ್ದರೆ ನಾನು ಆಂಡ್ ಎಂದೇ ಹೇಳಿರಬೇಕು. ಮೊನ್ನೆಯಿಂದ ನನ್ನ ಕಿವಿಗೂ ನನ್ನ ಸ್ವರ ಹಾಗೆಯೇ ಕೇಳುತ್ತಿದೆ, ಆಂಡ್, ಆಂಡ್ ಎಂದು. ಹೆಂಡತಿ ಪೂವಮ್ಮನಿಗೂ ಹೇಳಿದ್ದೇನೆ, ತಪ್ಪು ನನ್ನದೇ ಎಂದು.

ನಿನ್ನ ಕೈಯನ್ನು ನಾನು ಹಾಳು ಮಾಡಿದೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಸೈನ್ ಹಾಕು.

ರುಕ್ಮಯ್ಯ


ಕಕ್ಕಿಂಜೆ
7 ಮಾರ್ಚ್ 2025, ಶುಕ್ರವಾರ

ರುಕ್ಮಯ್ಯಣ್ಣನಿಗೆ,

ಇವತ್ತು ಬೆಳಿಗ್ಗೆ ಮೂಡುಬಿದಿರೆಗೆ ಬಂದಿದ್ದೆ. ನೀವು ಮಧ್ಯಾಹ್ನದ ಪಾಳಿಗೆ ಬರುತ್ತೀರಿ ಎಂದು ಗೇಟಿನಲ್ಲಿ ಹೇಳಿದರು, ಅದಕ್ಕೆ ಮೊದಲೇ ಹೊರಟುಬಿಟ್ಟೆ. ನಿಮ್ಮ ಎದುರು ನಿಲ್ಲುವ ಧೈರ್ಯ ಇರಲಿಲ್ಲ. ಯಾಕೆ ಎಂದು ಹೇಳುತ್ತೇನೆ. ಮೊದಲು ಗೇಜಿನ ಸುದ್ದಿ, ಅದಕ್ಕೇ ಅವಸರ; ಈ ಕಾಗದವನ್ನು ಅಂಚೆಗೆ ಹಾಕದೆ ನಾಳೆ ಮೊದಲ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ.

ರವಿರಾಜ ಸಾರ್ ಟೈಪ್ ಮಾಡಿದ ಕಾಗದ ಮುಂದಿಟ್ಟು ಪೆನ್ನಿನ ಮುಚ್ಚಳ ಅವರೇ ತೆಗೆದು ಕೊಟ್ಟರು. ನಾನು ಅದನ್ನು ಮಗುಚಿ, ಹಿಂದಿನ ಖಾಲಿ ಪುಟದಲ್ಲಿ ನನ್ನ ಕೈಬರಹದಲ್ಲಿ ಬರೆದೆ. ಗೇಜ್ ಡಿಸೆಂಬರಿನಿಂದ ಕೆಟ್ಟಿತ್ತು, ಅದು ನಮ್ಮಿಬ್ಬರಿಗೂ ಗೊತ್ತಿತ್ತು, ಸರಿ ಉಂಟು ಎಂದು ಬರೆದದ್ದಕ್ಕೆ ನನ್ನ ಸೈನ್ ಕೂಡ ಇದೆ ಎಂದು. ಅದರ ಕೆಳಗೆ ಇನ್ನೂ ಎರಡು ಸಾಲು ಬರೆದೆ. ಸಾರ್ ಓದಿದರು, ಮತ್ತೊಮ್ಮೆ ಓದಿದರು. "ಹೀಗಾದ್ರೆ ತಪ್ಪು ನಿಮ್ಮ ತಲೆಗೇ ಬರ್ತದೆ, ಗೊತ್ತುಂಟಾ?" ಎಂದರು. "ಬರಲಿ ಸಾರ್. ಗೇಜ್ ತರಿಸುವ ಚೀಟಿಗೆ ನೀವು ಸೈನ್ ಹಾಕಿ, ಇದಕ್ಕೆ ನಾನು ಹಾಕ್ತೇನೆ. ನಾನು ಇಲ್ಲೇ ಕೂತಿರ್ತೇನೆ" ಅಂದೆ. ಒಂದೂವರೆ ಗಂಟೆ ಕೂತೆ. ಅವರು ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದರು, ಬಂದರು, ಮತ್ತೆ ಹೋದರು. ಕಡೆಗೆ ಚೀಟಿಗೆ ಸೈನ್ ಹಾಕಿದರು. ಅಂಗಡಿಗೆ ನನ್ನೆದುರೇ ಫೋನ್ ಮಾಡಿಸಿದೆ. ಗೇಜ್ ನಾಳೆ ಬೆಳಿಗ್ಗೆ ಬರುತ್ತದೆ. ವಾಲ್ವನ್ನೂ ಬಿಚ್ಚಿ ಒಳಗಿನ ಕರಿ ತೆಗೆಯದೆ ಫಿಲ್ಟರ್ ಮುಟ್ಟುವುದಿಲ್ಲ ಎಂದು ನೀವು ನಾಳೆ ಹೇಳಿಬಿಡಿ, ಅದಕ್ಕೂ ಸಾರ್ ಒಪ್ಪಿದ್ದಾರೆ.

ಗ್ರೀಷ್ಮಾಳನ್ನು ಕಂಡೆ. ನನ್ನ ಕೈ ಬಿಚ್ಚಿ ತೋರಿಸಿದೆ. ಬಾಯಿಮಾತು ಅವಳಿಗೆ ಸಾಕಾಗುವುದಿಲ್ಲ ಎಂದು ನಿಮ್ಮ ಕಾಗದದಲ್ಲೇ ಗೊತ್ತಾಗಿತ್ತು.

ಯಂತ್ರದ ಹತ್ತಿರ ಇನ್ನು ನನ್ನನ್ನು ಹಾಕುವುದಿಲ್ಲವಂತೆ. ಬೇರೆ ಕೆಲಸ ಇದ್ದರೆ ತಿಳಿಸುತ್ತಾರಂತೆ. ತಿಳಿಸುವುದಿಲ್ಲ ಎಂದು ಸಾರ್ ಮುಖದಲ್ಲೇ ಕಂಡಿತು. ನಿಮಗೆ ಪುಸ್ತಕದ ವಿಷಯಕ್ಕೆ ಎಚ್ಚರಿಕೆಯ ಪತ್ರ ಕೊಡುತ್ತಾರೆ. ಕೆಲಸ ಉಳಿಯುತ್ತದೆ.

ಈಗ ಆ ಎರಡು ಸಾಲು. ಬಸ್ಸಿನಲ್ಲಿ ವೇಣೂರು ದಾಟುವವರೆಗೂ ಇದನ್ನು ಹೇಗೆ ಹೇಳುವುದು ಎಂದೇ ಯೋಚಿಸುತ್ತಿದ್ದೆ. ಯೋಚಿಸಿ ಪ್ರಯೋಜನವಿಲ್ಲ.

ಆ ದಿನ ನನಗೆ ಸರಿಯಾಗಿಯೇ ಕೇಳಿಸಿತ್ತು. ನೀವು ಆವು ಅಂದಿರಿ. ಆಂಡ್ ಅನ್ನಲಿಲ್ಲ. ವಾರವಿಡೀ ಮೂಡುಬಿದಿರೆಯ ರೂಮಿನಲ್ಲಿದ್ದು ಶನಿವಾರ ಊರಿಗೆ ಹೊರಡುವ ಹೊತ್ತು ಅದು, ಐದೂ ಹತ್ತರ ಬಸ್ ತಪ್ಪಿದರೆ ಬೆಳ್ತಂಗಡಿಯಿಂದ ಮುಂದೆ ಏನೂ ಸಿಗುವುದಿಲ್ಲ. ನೀವು ಆವು ಎಂದರೆ ನಾನು ಹತ್ತು ಎಣಿಸುವುದರೊಳಗೆ ವಾಲ್ವ್ ತೆರೆದಿರುತ್ತದೆ, ಹನ್ನೊಂದು ವರ್ಷ ಹಾಗೆಯೇ ಆಗಿದೆ. ಆಂಡಾ ಎಂದು ತಿರುಗಿ ಕೇಳುವುದನ್ನು ಬಿಟ್ಟು ಎಷ್ಟು ವರ್ಷವಾಯಿತೋ ನೆನಪಿಲ್ಲ. ಆ ದಿನವೂ ಹತ್ತು ಎಣಿಸಿದೆ, ಬಿಚ್ಚಿದೆ. ವಾಲ್ವ್ ಕಚ್ಚಿಕೊಂಡಿದೆ ಎಂದು ನನಗೆ ಗೊತ್ತಿರಲಿಲ್ಲ, ನೀವೂ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅಮ್ಮ ಎದೆ ಬಡಿದುಕೊಳ್ಳುತ್ತಿದ್ದರು. ಯಾರು ಹೀಗೆ ಮಾಡಿದ್ದು, ಯಾರು ಎಂದು ಕೇಳುತ್ತಲೇ ಇದ್ದರು. ನಾನೇ ಅನ್ನಲು ಬಾಯಿ ಬರಲಿಲ್ಲ. ರುಕ್ಮಯ್ಯಣ್ಣ ಆಂಡ್ ಅಂದರು ಅಂದೆ. ಸಂಜೆಯೊಳಗೆ ಕಕ್ಕಿಂಜೆಗೆಲ್ಲ ಗೊತ್ತಾಯಿತು. ಮತ್ತೆ ಹಿಂದಕ್ಕೆ ತೆಗೆದುಕೊಳ್ಳಲು ದಿನ ದಿನ ಕಷ್ಟವಾಯಿತು. ನೀವು ಜಗಳ ಮಾಡುತ್ತಿದ್ದಷ್ಟು ದಿನ ನಾನೂ ಗಟ್ಟಿಯಾಗಿಯೇ ಇದ್ದೆ. ಜಗಳದಲ್ಲಿ ಸುಳ್ಳು ಹೇಳುವುದು ಅಷ್ಟು ಕಷ್ಟವಲ್ಲ. ನೀವು ನನ್ನ ಕಿವಿಯನ್ನು ನಂಬಿ ನಿಮ್ಮ ಬಾಯಿಯನ್ನೇ ಸುಳ್ಳು ಮಾಡಿಕೊಂಡಿರಲ್ಲ, ಆ ಸಾಲು ಓದಿದ ಮೇಲೆ ನನಗೆ ಅನ್ನ ಸೇರಲಿಲ್ಲ.

ಇದನ್ನು ಬರೆಯುವ ಮೊದಲು ಅಮ್ಮನಿಗೆ ಹೇಳಿದೆ. ಜಡೆ ಹಾಕುತ್ತಿದ್ದರು, ಅರ್ಧದಲ್ಲಿ ಬಿಟ್ಟು ಎದ್ದು ಹೋದರು.

ಸಾರ್ ಎದುರು ಬರೆದದ್ದು ಇಷ್ಟೇ: ಅವರು ಆವು ಎಂದರು, ಅಂದರೆ ಬಿಡುತ್ತೇನೆ ಎಂದು. ನಾನು ಕಾಯಲಿಲ್ಲ. ಆವು ಎಂಬುದನ್ನು ಹಾಗೆಯೇ ಬರೆದಿದ್ದೇನೆ, ಕನ್ನಡ ಮಾಡಲಿಲ್ಲ.

ಪೂವಮ್ಮಕ್ಕನಿಗೆ ಈ ಕಾಗದ ಓದಿ ಹೇಳಿ. ರುಕ್ಮಯ್ಯಣ್ಣ, ನೀವು ಅಂದದ್ದು ಆವು. ನಿಮಗೆ ಮೊದಲು ನೆನಪಿದ್ದದ್ದೇ ಸರಿ. ಇನ್ನು ಯಾರು ಕೇಳಿದರೂ ತಡವರಿಸದೆ ಹೇಳಿ, ನಾನು ಹೇಳಿದೆ ಎಂದೂ ಹೇಳಿ.

ನಿಮ್ಮ ಮೇಲೆ ಸುಳ್ಳು ಹೇಳಿದವಳು,
ಹರಿಣಾಕ್ಷಿ